ಏಲಾ ಎಂದರೆ ಹಾಲು ಬಂತು

ಬೆಟ್ಟದ ಮೇಲಿನ ಆ ಹಳ್ಳಿಯಲ್ಲಿ ಸಿಳ್ಳೆಗೆ ಉತ್ತರ ಕೊಡದಿದ್ದರೆ ಮುಖಕ್ಕೆ ಉಗಿದಂತೆ. ಕಣಿವೆ ಇಳಿದು ಹತ್ತುವಷ್ಟರಲ್ಲಿ ಮೊಣಕಾಲು ಕೈಕೊಡುತ್ತದೆಂದು ಅಲ್ಲಿಯವರು ಮಾತನ್ನೆಲ್ಲ ಸಿಳ್ಳೆಯಲ್ಲೇ ಆಡುತ್ತಾರೆ. ಮೇಕೆ ತಪ್ಪಿಸಿಕೊಂಡದ್ದು, ಮಗು ಹುಟ್ಟಿದ್ದು, ಸೊಸೆಯ ಮೇಲಿನ ದೂರು, ಎಲ್ಲವೂ ಗಾಳಿಯಲ್ಲೇ ದಾಟುತ್ತದೆ. ಅಂಥ ಊರಿನಲ್ಲಿ ಗುಟ್ಟು ಉಳಿಯುವುದುಂಟೇ? ಆದರೂ ಗರೂಫಲ್ಯಾ ಒಂದನ್ನು ಉಳಿಸಿಕೊಂಡಿದ್ದಳು. ಅವಳ ಮುಂದಿನ ಹಲ್ಲುಗಳು ಉದುರಿಹೋಗಿದ್ದವು.

ಹಲ್ಲಿಲ್ಲದ ಬಾಯಿಂದ ಸಿಳ್ಳೆ ಹೊರಡುವುದಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಹೋದರೆ ಹೋಯಿತು ಎಂದು ಹೇಳಿಕೊಂಡು ನಕ್ಕುಬಿಡಬೇಕಿತ್ತು. ಇವಳಿಗೋ ಬಿಂಕ. ಹರೆಯದಲ್ಲಿ ಇವಳ ಸಿಳ್ಳೆ ಕೇಳಿ ಕೆಳಗೆ ಕಡಲಲ್ಲಿದ್ದ ಬೆಸ್ತರು ಬಲೆ ಬಿಟ್ಟು ತಲೆಯೆತ್ತುತ್ತಿದ್ದರಂತೆ. ಹಾಗೆಂದು ಹೇಳಿದವಳೂ ಇವಳೇ. ಚಳಿಗಾಲವಿಡೀ ತಲೆವಸ್ತ್ರದ ಚುಂಗಿನಿಂದ ಬಾಯಿ ಮುಚ್ಚಿಕೊಂಡು ಓಡಾಡಿದಳು. ಎದುರು ಬೆಟ್ಟದಿಂದ ಬಾಲ್ಯದ ಗೆಳತಿ ಲಾಂಬ್ರಿನಿ ಎಂದಿನಂತೆ ಸಿಳ್ಳೆ ಹಾಕಿ ಕೇಳುತ್ತಿದ್ದಳು: "ಎದ್ಯೇನೇ? ಒಲೆ ಹಚ್ಚಿದ್ಯಾ?" ಇವಳಿಂದ ಉತ್ತರವಿಲ್ಲ. ಕೊನೆಗೆ ಲಾಂಬ್ರಿನಿಯೂ ಸುಮ್ಮನಾದಳು. ಮುದುಕಿಯರಿಬ್ಬರೂ ಮುನಿಸಿಕೊಂಡಿದ್ದಾರೆ ಎಂದು ಊರು ತೀರ್ಮಾನಿಸಿತು. ಆ ಮೌನ ಗರೂಫಲ್ಯಾಳನ್ನು ಒಳಗೊಳಗೇ ತಿಂದುಹಾಕಿತು.

ಹಿಮ ಕರಗಿದ ಮೇಲೆ ಬಂದರಿನ ಪೇಟೆಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದಳು. ಆದರೆ ಲಾಂಬ್ರಿನಿಯನ್ನು ಕರೆಯಲು ಧೈರ್ಯ ಸಾಲಲಿಲ್ಲ. ಕರೆದು, ಅವಳು ಓಗೊಡದೇ ಹೋದರೆ?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಹಿಂದೆ ಆ ಬೆಟ್ಟಕ್ಕೆ ಯಾವ ಪ್ರವಾಸಿಯೂ ಬರುತ್ತಿರಲಿಲ್ಲ. ಈಗ ಸಿಳ್ಳೆ ಕೇಳುವುದಕ್ಕೆಂದೇ ಬರುತ್ತಾರೆ. ಒಂದು ಭಾನುವಾರ ಕಾಫಿ ಅಂಗಡಿಯ ಥೊದೋಸಿಸ್, ಇವಳ ಅಣ್ಣನ ಮಗ, ಒಂದು ಗುಂಪನ್ನು ಅಂಗಳಕ್ಕೇ ಕರೆತಂದ.

"ಅತ್ತೆ, ಒಂದು ಸಿಳ್ಳೆ ಹೊಡ್ದು ತೋರ್ಸು. ಸುಮ್ನೆ 'ನಮಸ್ಕಾರ' ಅಂದ್ರೂ ಸಾಕು."

"ಗಾಳಿಗೆ ಯಾರಾದ್ರೂ ನಮಸ್ಕಾರ ಹೇಳ್ತಾರೇನೋ, ಪೆದ್ದ? ಕರೆದ್ರೆ ಮನುಷ್ಯರನ್ನ ಕರೀಬೇಕು."

ಅಂದವಳೇ ಕಲ್ಲುಗೋಡೆಯ ಬಳಿ ನಿಂತಳು. ಬೆರಳು ಬಾಯಿಗಿಟ್ಟು ಊದಿದಳು: "ಲಾಂಬ್ರಿನಿ, ಏಲಾ!" ಬಾ, ಎಂದು.

ಪ್ರವಾಸಿಗರು ಚಪ್ಪಾಳೆ ತಟ್ಟಿದರು. "ಅಬ್ಬಬ್ಬಾ, ಒಂದಕ್ಷರ ತಪ್ಪಿಲ್ಲ ಅತ್ತೆ!" ಎಂದ ಥೊದೋಸಿಸ್.

ಆಚೆಯಿಂದ ಉತ್ತರ ಬರಲಿಲ್ಲ. ಬಂದವರು ಚೀಸು ತಿಂದರು, ಫೋಟೋ ತೆಗೆದುಕೊಂಡರು, ಬೆಟ್ಟ ಇಳಿದು ಹೋದರು. ಗರೂಫಲ್ಯಾ ಗೋಡೆಯ ಬಳಿಯೇ ಕುಕ್ಕರಿಸಿದ್ದಳು. ಆಗ ಕಣಿವೆಯ ಕಾಲುದಾರಿಯಿಂದ ಏದುಸಿರು ಬಿಡುತ್ತ ಲಾಂಬ್ರಿನಿ ಮೇಲೆ ಬಂದಳು. ಕೈಯಲ್ಲಿ ಹಾಲಿನ ಕ್ಯಾನು.

"ತಗೋ! ಚಳಿಗಾಲ ಪೂರ್ತಿ ಬಾಯಿ ಹೊಲ್ಕೊಂಡಿದ್ದು, ಈಗ ಹಾಲು ಬೇಕು ಅಂತ ಕೂಗ್ತೀಯಲ್ಲ, ನಾಚಿಕೆ ಆಗಲ್ವೇನೇ? ನಿನ್ ಮೇಕೆಗಳೆಲ್ಲ ಸತ್ತೋದ್ವಾ?"

ಅಂಗಳದಲ್ಲಿ ತಟ್ಟೆ ಎತ್ತಿಡುತ್ತಿದ್ದ ಥೊದೋಸಿಸ್ ಬಿದ್ದುಬಿದ್ದು ನಕ್ಕ. "ದೊಡ್ಡಮ್ಮಾ, ಗಾಲಾ ಅಲ್ಲ, ಏಲಾ! ಹಾಲಲ್ಲ, ಬಾ ಅಂದಿದ್ದು!"

"ಏನಂದ್ಯೋ?" ಲಾಂಬ್ರಿನಿ ಬಲಗಿವಿ ಅವನತ್ತ ತಿರುಗಿಸಿದಳು. ಕಣ್ಣು ಅವನ ತುಟಿಯ ಮೇಲಿತ್ತು. ಮುಖದಲ್ಲಿ ಹೆದರಿಕೆ ಕಂಡಿತು.

ಗರೂಫಲ್ಯಾ ಅದನ್ನು ನೋಡಿದಳು. ಮತ್ತೆ ಬಾಯಿ ತೆರೆಯಹೊರಟ ಥೊದೋಸಿಸ್‌ನ ಕಾಲು ತುಳಿದಳು. ಹಲ್ಲಿನ ಸೆಟ್ಟನ್ನು ಹೊರಗೆ ತೆಗೆದು, ಬೊಚ್ಚುಬಾಯಿಯನ್ನು ಇಬ್ಬರೆದುರೇ ತೋರಿಸಿದಳು.

"ಹಲ್ಲು ಹೋಗಿತ್ತು ಕಣೇ, ಅದಕ್ಕೇ ಮಾತಾಡ್ಲಿಲ್ಲ. ಈ ಹೊಸದೋ, ಹಾಳಾದ್ದು, ಬಾ ಅಂದ್ರೆ ಹಾಲು ಅನ್ನುತ್ತೆ."

"ಹೌದಾ? ನಿನ್ ಹಲ್ಲಿಂದೇ ತಪ್ಪಾ?" ಲಾಂಬ್ರಿನಿಗೆ ಹೋದ ಜೀವ ಬಂದಂತಾಯಿತು.

"ಇನ್ಯಾರ್ದು ಮತ್ತೆ?"

ಲಾಂಬ್ರಿನಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಗರೂಫಲ್ಯಾ ಹಾಲು ಕಾಯಿಸಿ ತಂದು, ಅವಳ ಎಡಕ್ಕಿದ್ದ ತನ್ನ ಕುರ್ಚಿಯನ್ನು ಎತ್ತಿ ಬಲಗಿವಿಯ ಕಡೆ ಹಾಕಿಕೊಂಡು ಕೂತಳು.