ಚಿಕ್ಕಮ್ಮ ಎಳೆಯದೆ ಬಿಟ್ಟ ಬಾಣ

ಬೇಕರಿಯಲ್ಲಿ ಹಿಟ್ಟು ನಾದುವ ನನ್ನ ಚಿಕ್ಕಮ್ಮನಿಗೆ ಮೂವತ್ತು ವರ್ಷದಿಂದ ಒಂದೇ ಚಟ. ಯಾರಾದರೂ 'ಇದರಿಂದಲೇ ಅದಾಯ್ತು' ಎಂದರೆ ಸಾಕು, ಮೇಜಿನ ಮೇಲೆ ಮೈದಾ ಉದುರಿಸಿ ಬೆರಳಿನಿಂದ ಬಾಣ ಎಳೆಯುತ್ತಾಳೆ, ಕಾರಣದಿಂದ ಪರಿಣಾಮಕ್ಕೆ.

"ಎಳೆದ ಬಾಣಕ್ಕಿಂತ ಎಳೀದೆ ಬಿಟ್ಟಿದ್ದೇ ದೊಡ್ಡ ಮಾತು ಕಣೇ. ಇಲ್ಲಿ ಸಂಬಂಧವೇ ಇಲ್ಲ ಅಂತ ಆಣೆ ಇಟ್ಟ ಹಾಗೆ," ಎನ್ನುತ್ತಾಳೆ.

ಅವಳ ಕೈಕೆಳಗೆ ಕೆಲಸಕ್ಕೆ ಸೇರಿದವಳು ನಾನು. ನಾನು ಹಾಡಿದ ದಿನ ಬ್ರೆಡ್ ಉಬ್ಬುತ್ತಿರಲಿಲ್ಲ. ಹಾಡು ಬಿಡು, ಇಲ್ಲವೇ ಕೆಲಸ ಬಿಡು ಎಂದರು ಯಜಮಾನರು. ಮೂರು ಸಲ ಮಾತು ಕೊಟ್ಟೆ, ಮೂರು ಸಲವೂ ತಪ್ಪಿದೆ. ಬಾಯಿ ಮುಚ್ಚಿಕೊಂಡಿರುವುದು ನಮ್ಮ ವಂಶದಲ್ಲೇ ಇಲ್ಲ. ಆದರೆ ಆ ಕೆಲಸ ನನಗೆ ಪ್ರಾಣ.

ಚಿಕ್ಕಮ್ಮ ಮೈದಾ ಉದುರಿಸಿದಳು. "ಚಳಿ ಇದ್ದಾಗ ಇವಳು ಹಾಡ್ತಾಳೆ. ಅದೇ ಚಳಿಗೆ ಹಿಟ್ಟೂ ಉಬ್ಬಲ್ಲ. ಹಾಡಿಂದ ಬ್ರೆಡ್ಡಿಗೆ ಬಾಣವೇ ಇಲ್ಲ."

"ಹಾಗಾದ್ರೆ ತೋರಿಸಿ," ಎಂದರು ಯಜಮಾನರು.

ಎರಡು ದಿನದಲ್ಲಿ ಎಂಟು ಸಲ ಹಿಟ್ಟು ಇಟ್ಟೆವು. ಪ್ರತಿ ಸಲವೂ ಯಜಮಾನರು ನಾಣ್ಯ ಚಿಮ್ಮುವುದು, ಹೆಡ್ ಬಿದ್ದರೆ ನಾನು ಹಾಡುವುದು, ಟೇಲ್ ಬಿದ್ದರೆ ಹಾಡದಿರುವುದು. ಚಳಿ ಎಲ್ಲ ಸಲಕ್ಕೂ ಒಂದೇ. ನಾನಂತೂ ಗೆದ್ದೇಬಿಟ್ಟೆ ಎಂದು ಗಂಟಲು ಹರಿಯುವಂತೆ ಹಾಡಿದೆ. ಹಾಡಿದ ನಾಲ್ಕೂ ಸಲದ ಬ್ರೆಡ್ ಚಪ್ಪಟೆ. ಹಾಡದ ನಾಲ್ಕೂ ಸಲದ್ದು ದಿಂಬಿನ ಹಾಗೆ.

ಯಜಮಾನರು ಬಾಗಿಲು ತೋರಿಸಿದರು. ನಾನು ಅಳುತ್ತಾ ಏಪ್ರನ್ ಬಿಚ್ಚತೊಡಗಿದೆ.

"ಸ್ವಲ್ಪ ತಾಳಿ," ಎಂದಳು ಚಿಕ್ಕಮ್ಮ. ಅವಳ ಮುಖ ಕೆಂಪಾಗಿತ್ತು. ಮೈದಾದ ಮೇಲೆ ಹಾಡಿನಿಂದ ಒಂದು ಬಾಣ ಎಳೆದು ತನ್ನ ಎದೆಯನ್ನು ಮುಟ್ಟಿಕೊಂಡಳು. ಅಲ್ಲಿಂದ ಇನ್ನೊಂದು ಬಾಣ, ಹಿಟ್ಟಿನ ಟ್ರೇಗಳ ಮೇಲಿನ ಕಿಟಕಿಗೆ. ಕಿಟಕಿಯಿಂದ ಬ್ರೆಡ್ಡಿಗೆ ಮತ್ತೊಂದು.

"ಇವಳ ಹಾಡು ಕೇಳಕ್ಕಾಗಲ್ಲ ಯಜಮಾನ್ರೇ. ಶುರು ಮಾಡಿದ ತಕ್ಷಣ ಸದ್ದು ಆಚೆ ಹೋಗ್ಲಿ ಅಂತ ಕಿಟಕಿ ತೆಗೀತೀನಿ. ತಣ್ಣನೆ ಗಾಳಿ ನೇರ ಹಿಟ್ಟಿಗೆ ಬೀಳತ್ತೆ. ಈ ಬಾಣ ನಾನೇ ಎಳೀಲಿಲ್ಲ. ಕಳಿಸೋದಾದ್ರೆ ನನ್ನ ಕಳಿಸಿ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸುತ್ತಿಗೆ ತಂದು ಕಿಟಕಿಗೆ ಮೊಳೆ ಹೊಡೆದರು. ನಾನು ಹಾಡಿದೆ, ಬ್ರೆಡ್ ಉಬ್ಬಿತು.

ಖುಷಿಗೆ ಚಿಕ್ಕಮ್ಮನನ್ನು ಅಪ್ಪಿಕೊಂಡು ಅವಳ ಕಿವಿಯ ಪಕ್ಕದಲ್ಲೇ ಇನ್ನೊಂದು ಹಾಡು ಶುರು ಮಾಡಿದೆ. ಅವಳ ಕೈ ಕಿಟಕಿಯ ಕಡೆ ಹೋಯಿತು, ಮೊಳೆ ನೆನಪಾಗಿ ಹಿಂದಕ್ಕೆ ಬಂತು, ನನ್ನ ಬೆನ್ನು ತಟ್ಟಿತು.