ರಾಟೆ ಇಲ್ಲದ ಬಾವಿ

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಸಿಸ್ಟರ್ ನಮ್ಮನ್ನು ಚಾಪೆಲ್ ಮುಂದೆ ಮೊಣಕಾಲೂರಿ ಕೂರಿಸುತ್ತಿದ್ದರು. ಆ ಭಯ ಈ ವಯಸ್ಸಿನಲ್ಲೂ ಬಿಟ್ಟಿಲ್ಲ. ಆದ್ದರಿಂದ ಇಲ್ಲಿ ನಾನು ಒಂದು ಮಾತನ್ನೂ ಕೂಡಿಸಿಲ್ಲ. ಕೂಡಿಸುವ ಅಗತ್ಯವೂ ಬೀಳಲಿಲ್ಲ...

ಜಗಳೂರಿನ ಹೊರಗೆ, ಗುಡ್ಡದ ಬುಡದಲ್ಲಿ ನನ್ನ ಸಣ್ಣ ಮನೆ. ಹೊನ್ನಾಳಿಯಲ್ಲಿ ಇಂಗ್ಲಿಷ್ ಟೀಚರಾಗಿ ರಿಟೈರ್ ಆದ ಮೇಲೆ, ತೀರಿಕೊಂಡ ನಮ್ಮ ಯಜಮಾನರು ತೋಡಿಸಿದ್ದ ಬಾವಿಯ ಆಸೆಗೆ ಇಲ್ಲಿಗೆ ಬಂದೆ. ಸುತ್ತಲಿನ ಬೋರ್‌ವೆಲ್ಲುಗಳ ನೀರು ಸವಳು. ಈ ಬಾವಿಯದು ಮಾತ್ರ ಸಿಹಿ. ಪಕ್ಕದ ಹಟ್ಟಿಯವರೆಲ್ಲ ಇದೇ ನೀರು ಕುಡಿಯುತ್ತಿದ್ದರು. ಹಿಂದೆ ರಾಟೆ ಇತ್ತು. ಮೋಟರ್ ಕೂರಿಸಿದ ವರ್ಷವೇ ಅದನ್ನು ಬಿಚ್ಚಿಸಿ ಗುಜರಿಗೆ ಹಾಕಿದ್ದೆ. ಪ್ಲೀಸ್, ಇದೊಂದನ್ನು ನೆನಪಿಟ್ಟುಕೊಳ್ಳಿ.

ಗುಡ್ಡದ ಸಾಲಿನ ಮೇಲೆ ವಿಂಡ್‌ಮಿಲ್‌ಗಳು. ಊರವರ ಬಾಯಲ್ಲಿ ಫ್ಯಾನು. ಹೊಗೆಯಿಲ್ಲ, ಮಸಿಯಿಲ್ಲ, ಎಷ್ಟು ಕ್ಲೀನ್ ಎಂದುಕೊಂಡಿದ್ದೆ. ಒಂದೊಂದರ ತಲೆಯೊಳಗೂ ಗೇರ್‌ಬಾಕ್ಸ್ ಇದೆ, ಅದಕ್ಕೆ ಡ್ರಮ್ಮುಗಟ್ಟಲೆ ಆಯಿಲ್ ಬೇಕು, ಹಳೆಯದಾದಾಗ ಇಳಿಸಬೇಕು ಎಂದು ತಿಳಿಸಿದವನು ಮಂಜುನಾಥ. ಅಲ್ಲಿನ ಸೈಟ್ ಇನ್‌ಚಾರ್ಜ್. ಸವಳಂಗದ ಹುಡುಗ, ಹೊನ್ನಾಳಿಯಲ್ಲಿ ನನ್ನ ಸ್ಟೂಡೆಂಟ್. ಭಾನುವಾರ ಬಂದರೆ ಅವನ ಊಟ ನನ್ನ ಮನೆಯಲ್ಲೇ.

"ಮಿಸ್, ವೇಸ್ಟ್ ಆಯಿಲ್ ಡ್ರಮ್ಮು ಒಂದ್ನಾಕು ನಿಮ್ಮ ಶೆಡ್ಡಿನಾಗೆ ಇಡಾಕೆ ಜಾಗ ಕೊಡ್ತೀರೇನ್ರಿ?" ಎಂದ ಒಂದು ಭಾನುವಾರ. "ನಮ್ಮ ಸ್ಟೋರು ತುಂಬೈತೆ. ಒಯ್ಯೋ ಲಾರಿ ಬಂದ ಕೂಡ್ಲೆ ಎತ್ತಿಸ್ತೀನಿ."

"ಬಾವಿಯ ಮಗ್ಗುಲಲ್ಲೇ ಇದೆಯಲ್ಲೋ ಶೆಡ್ಡು? ಸೋರಿದರೆ?"

"ಡ್ರಮ್ಮಿನ ಕೆಳಗೆ ಟ್ರೇ ಇಡ್ತೀನಿ. ಒಂದು ಹನಿ ನೆಲ ಮುಟ್ಟಲ್ಲ. ನಿಮ್ಮ ಬಾವಿ ಅಂದ್ರೆ ನಮ್ಮವ್ವನ ಬಾವಿ ಇದ್ದಂಗ್ರಿ. ಪ್ರಾಮಿಸ್, ಮಿಸ್."

ಅಡುಗೆಯ ರುದ್ರಮ್ಮ, ರಾತ್ರಿ ನನ್ನ ಕೋಣೆಯಲ್ಲೇ ಮಲಗುವವಳು, ಅವನು ಹೋದ ಮೇಲೆ ಮೂತಿ ತಿರುವಿದಳು. "ಉಣ್ಣಾಕೆ ಬಂದಾಗ್ಲೂ ಅವ್ವ, ಡ್ರಮ್ ಇಡಾಕೂ ಅವ್ವ. ಈ ಹುಡುಗ ಆ ಎಣ್ಣೆಗಿಂತ ನುಣುಪು ಅದಾನೆ, ಅಮ್ಮಾರೆ."

"ಶಟ್ ಅಪ್, ರುದ್ರಮ್ಮ," ಎಂದೆ. ನನ್ನ ಹುಡುಗನಲ್ಲವೇ...

ಲಾರಿ ಬರಲಿಲ್ಲ. ಮಳೆಗಾಲ ಬಂತು. ಅಷ್ಟರಲ್ಲಿ ನಾನು ಬಾತ್‌ರೂಮಿನಲ್ಲಿ ಜಾರಿ ಬಿದ್ದು, ಸೊಂಟದ ಆಪರೇಷನ್ ಆಗಿ ಹಾಸಿಗೆ ಹಿಡಿದೆ. ಮಗ್ಗುಲು ಬದಲಿಸಲೂ ರುದ್ರಮ್ಮನೇ ಬೇಕಿತ್ತು.

ಆ ರಾತ್ರಿ ಮಳೆ ಬಿಟ್ಟಿತ್ತು. ಕರೆಂಟ್ ಇರಲಿಲ್ಲ. ಗುಡ್ಡದ ಮೇಲಿಂದ ಫ್ಯಾನುಗಳ ಉಸಿರು... ಹೂಶ್... ಹೂಶ್...

ಮೊದಲು ಬಂದದ್ದು ವಾಸನೆ. ಸುಟ್ಟ ಎಣ್ಣೆಯದು, ಅದರೊಳಗೆ ಕೊಳೆತ ಬೆಳ್ಳುಳ್ಳಿಯಂಥದೇನೋ. ಮೂಗಿಗೆ ಸೆರಗು ಹಿಡಿದೆ.

ಆಮೇಲೆ ಸದ್ದು.

ಕಿರ್ರ್... ಕಿರ್ರ್... ಕಿರ್ರ್... ಹಿಂದೆಯೇ ನೀರು ಚೆಲ್ಲಿದ ಸಪ್ಪಳ.

ರಾಟೆ!

"ರುದ್ರಮ್ಮ..."

"ಕೇಳಿಸ್ತೈತೆ, ಅಮ್ಮಾರೆ." ಕತ್ತಲಲ್ಲಿ ಅವಳ ಕೈ ನನ್ನ ಮಣಿಕಟ್ಟು ಹುಡುಕಿ ಹಿಡಿಯಿತು. "ಯಾರೋ ನೀರು ಸೇದ್ತಾ ಅದಾರೆ."

"ಹೇಗೆ ಸೇದುತ್ತಾರೆ? ರಾಟೆ ಎಲ್ಲಿದೆ? ಹಗ್ಗ ಎಲ್ಲಿದೆ?"

"ಅದಕ್ಕೇ ಹೇಳ್ತಿರೋದು... ಮಾತಾಡಬ್ಯಾಡ್ರಿ."

ಕೊಡ ತುಂಬಿದ ಸದ್ದು ಒಮ್ಮೆಯೂ ಬರಲಿಲ್ಲ. ಸೇದುವುದು, ನೆಲಕ್ಕೆ ಸುರಿಯುವುದು. ಸೇದುವುದು, ಸುರಿಯುವುದು. ನಡುನಡುವೆ ಬಳೆಯ ಸಣ್ಣ ಕಿಣಿಕಿಣಿ. ಒಮ್ಮೆ ಶೆಡ್ಡಿನ ಕಡೆ ತಗಡು ಧಡಾರನೆ ಬಿತ್ತು, ಯಾರೋ ಎದ್ದುಬಿದ್ದು ಓಡಿದರು, ದೂರದಲ್ಲಿ ಗಾಡಿಯೊಂದು ಸ್ಟಾರ್ಟ್ ಆಯಿತು. ರಾಟೆ ಮಾತ್ರ ನಿಲ್ಲಲಿಲ್ಲ. ಹಟ್ಟಿಯ ಕೋಳಿ ಕೂಗಿದ ಮೇಲೆಯೇ ನಿಂತದ್ದು.

ಬೆಳಗ್ಗೆ ಕರೆಂಟ್ ಬಂದಾಗ ರುದ್ರಮ್ಮ ಮೋಟರ್ ಹಾಕಿದಳು. ನಲ್ಲಿಯಲ್ಲಿ ಬರೀ ಗಾಳಿ. ಹೋಗಿ ಬಗ್ಗಿ ನೋಡಿ ಕೂಗಿಕೊಂಡಳು. ಅರ್ಧ ಬಾವಿ ಇದ್ದ ನೀರು ತಳ ಕಂಡಿತ್ತು. ಶೆಡ್ಡಿನ ಕಡೆಯ ಕಲ್ಲುಗಳ ಮೇಲೆ ಕಪ್ಪು ಎಣ್ಣೆ ಇಳಿದ ಗೆರೆಗಳು. ಅಂಗಳದ ತುಂಬ ನಿಂತ ನೀರು, ಅದರ ಮೇಲೆ ಕಾಮನಬಿಲ್ಲಿನ ಬಣ್ಣ. ಡ್ರಮ್ಮುಗಳಿಲ್ಲ. ಟ್ರೇಗಳು ಬಾವಿಯ ಮಗ್ಗುಲ ಮಳೆನೀರಿನ ಕಾಲುವೆಯಲ್ಲಿ ಕವುಚಿ ಬಿದ್ದಿದ್ದವು.

ಕಳ್ಳರೆಂದುಕೊಂಡೆ. ಯಾರಿಗೆ ಫೋನ್ ಮಾಡಲಿ? ಮಂಜುಗೇ ಮಾಡಿದೆ.

ಬಂದ. ಬಾವಿಯ ಕಡೆ ಹೋಗದೆ ನೇರವಾಗಿ ನನ್ನ ಕೋಣೆಗೆ ಬಂದ. "ಯಾರೋ ಡ್ರಮ್ ಕದಿಯಾಕೆ ಬಂದೋರು, ಮಿಸ್. ನಾನು ಈ ಕಡೆ ಕಾಲಿಟ್ಟು ಯಾವ ಕಾಲ ಆತು!" ಎಂದವನು ನನ್ನನ್ನು ನೋಡಿ, ಹುಬ್ಬೇರಿಸಿ, "ಯಾಕೆ, ಮತ್ತೆ ಮಲಗಿಬಿಟ್ರಿ? ರಾತ್ರಿ ಅಷ್ಟೊಂದು ನೀರು ಸೇದಿದ್ರೆ ಸೊಂಟದ ಗತಿ ಏನಾಗಬೇಕ್ರಿ?" ಎಂದ.



"ರಾತ್ರಿ ನೀ ಎಲ್ಲಿಂದ ನೋಡ್ದೆಪ್ಪ?" ರುದ್ರಮ್ಮ ಮೆಲ್ಲಗೆ ಕೇಳಿದಳು.

ಅವನು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ. "ಇವತ್ತು ಇನ್‌ಸ್ಪೆಕ್ಷನ್ ಐತೆ, ಮಿಸ್... ಡ್ರಮ್ ಹೊರಗೆ ಐತೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗ್ತಿತ್ತು. ಡ್ರಮ್ ಗಾಡಿಗೆ ಏರಿಸ್ದೆ. ಟ್ರೇ ಎಲ್ಲಾ ಎಣ್ಣೆನೀರು ತುಂಬಿದ್ವು... ಅಲ್ಲೇ ಚೆಲ್ಲಿಬಿಟ್ಟೆ. ಟಾರ್ಚ್ ತಿರುಗಿಸಿ ನೋಡ್ತೀನಿ, ನೀವು ರಾಟೆ ಹತ್ರ ನಿಂತೀರಿ. ಸ್ಕೂಲಿಗೆ ಉಡ್ತಿದ್ರಲ್ಲ, ಅದೇ ಹಸಿರಂಚಿನ ಬಿಳೀ ಸೀರೆ. ನನ್ನನ್ನೇ ನೋಡ್ತಾ ಸೇದ್ತಿದ್ರಿ. ಸೊಂಟ ವಾಸಿ ಆತೇನೋ ಅಂದ್ಕೊಂಡೆ... ಸಿಕ್ಕಿಬಿದ್ದೆ ಅಂತ ಓಡಿದೆ. ಬೆಳಗ್ಗೆ ಫೋನಿನಾಗೆ ನೀವು ಕಳ್ಳರು ಅಂದಾಗ, ನನ್ನ ಗುರ್ತು ಸಿಕ್ಕಿಲ್ಲ ಅಂದ್ಕೊಂಡೆ."

"ಯಾವ ರಾಟೆ, ಮಂಜು?"

ಕಿಟಕಿಯಿಂದ ಬಾವಿಯ ಕಡೆ ನೋಡಿದ. ಬರೀ ಪೈಪು. ಕಿಟಕಿಯ ಸರಳು ಹಿಡಿದು ಮತ್ತೊಮ್ಮೆ ಬಗ್ಗಿ ನೋಡಿದ.

ಆ ಸೀರೆ ನನ್ನದೇ. ರುದ್ರಮ್ಮ ಬೀರು ತೆಗೆದು ತೋರಿಸಿದಳು. ಇಸ್ತ್ರಿಯ ಮಡಿಕೆ ಒಡೆದಿರಲಿಲ್ಲ.

ಬಾವಿಯನ್ನು ತೊಳೆಸಿದೆ, ಮತ್ತೆ ತೊಳೆಸಿದೆ. ವಾಸನೆ ಹೋಗಿಲ್ಲ. ಹಟ್ಟಿಯವರು ಈಗ ದೂರದಿಂದ ನೀರು ಹೊರುತ್ತಾರೆ. ಆದರೆ ಆ ಬೆಳಗ್ಗೆ ಅಲ್ಲಿನ ಒಂದು ಮಗುವೂ ಈ ನೀರು ಕುಡಿಯಲಿಲ್ಲ. ಕುಡಿಯಲು ಅವಳು ಬಿಟ್ಟಿರಲಿಲ್ಲ... ಅವಳು ಯಾರೇ ಆಗಿರಲಿ.

ಮಂಜು ಆಮೇಲೆ ಬಹಳ ಸಲ 'ಸಾರಿ, ಮಿಸ್' ಎಂದು ಮೆಸೇಜ್ ಮಾಡಿದ. ಎಣ್ಣೆ ಚೆಲ್ಲಿದ್ದನ್ನು ಹೇಗೋ ಕ್ಷಮಿಸಿಯೇನು. ಆದರೆ ಆ ರಾತ್ರಿ ಅವನು ನೋಡಿದ್ದು ದೆವ್ವವನ್ನಲ್ಲ. ಅವನ ಮಟ್ಟಿಗೆ ಅಲ್ಲಿ ನಿಂತಿದ್ದವಳು ನಾನೇ. ತಾನು ಆಗತಾನೇ ಕೆಡಿಸಿದ ನೀರನ್ನು ಅವನ ಮಿಸ್ ಸೇದುತ್ತಿದ್ದಳು. 'ಮಿಸ್, ಕುಡೀಬ್ಯಾಡ್ರಿ' ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಈಗ ವಾಕರ್ ಹಿಡಿದು ಕಿಟಕಿಯ ತನಕ ನಡೆಯಬಲ್ಲೆ. ಮಳೆ ಬಿಟ್ಟ ರಾತ್ರಿ ಒಮ್ಮೊಮ್ಮೆ ಆ ಕಿರ್ರ್ ಕೇಳಿಸುತ್ತದೆ. ಎದ್ದು ಕೂರುತ್ತೇನೆ, ಅಷ್ಟೇ. ಕಿಟಕಿಗೆ ಹೋಗುವುದಿಲ್ಲ.

ಹೋಗಿ, ಅವಳು ಇತ್ತ ತಿರುಗಿದರೆ... ನೋಡಬೇಕಾದದ್ದು ನನ್ನದೇ ಮುಖವನ್ನಲ್ಲವೇ?