ರಂಗಕ್ಕನ ಓಮದ ಭಟ್ಟಿ

ಮಧುಗಿರಿಯನ್ನು ಜನ ಇನ್ನೂ ಮದ್ದಗಿರಿ ಎನ್ನುತ್ತಿದ್ದ ಕಾಲ. ಕೋಟೆ ಬೆಟ್ಟದ ಬುಡದಲ್ಲಿ ದೊಡ್ಡರಂಗಪ್ಪ ಎಂಬುವವನ ಸಾರಾಯಿ ಭಟ್ಟಿ ಇತ್ತು. ಬೆಲ್ಲ, ಜಾಲಿ ತೊಗಟೆ, ನೀರು ಕೂಡಿಸಿ ಹುಳಿ ಬರಿಸಿ, ದೊಡ್ಡ ತಾಮ್ರದ ಹಂಡೆಯಲ್ಲಿ ಕಾಯಿಸಿ, ಏಳುವ ಹಬೆಯನ್ನು ತಣ್ಣೀರ ಬಾನಿಯೊಳಗೆ ಹಾದುಹೋಗುವ ಕೊಳವೆಯಿಂದ ಇಳಿಸುವ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಮುಪ್ಪಿನಲ್ಲಿ ನಶ್ಯದ ಚಟ ಹತ್ತಿ ದೊಡ್ಡರಂಗಪ್ಪನ ಮೂಗು ಕೆಟ್ಟುಹೋಗಿತ್ತು. ಹಾಗಾಗಿ ಮೊಮ್ಮಗಳು ರಂಗಕ್ಕನನ್ನು ಕೊಳವೆಯ ಬಾಯಿ ಹತ್ತಿರ ಕೂರಿಸಿಕೊಳ್ಳುತ್ತಿದ್ದ. ಮೊದಲು ಬರುವ ಸಾರಾಯಿ ಗಂಟಲು ಸುಡುತ್ತದೆ, ಕೊನೆಯದು ಹಳಸಲು ನಾರುತ್ತದೆ, ನಡುವಿನದಷ್ಟೇ ಮನುಷ್ಯರು ಕುಡಿಯುವಂಥದ್ದು. ಯಾವಾಗ ಮಡಕೆ ಬದಲಿಸಬೇಕು ಅನ್ನುವುದನ್ನು ಎಂಟು ವರ್ಷದ ಹುಡುಗಿ ಮೂಸಿ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲವಂತೆ.

ಅವಳಿಗೆ ಹನ್ನೆರಡಾದಾಗ ಊರೂರಿನ ಭಟ್ಟಿಗಳನ್ನು ಸರ್ಕಾರ ನಿಲ್ಲಿಸಿತು. ಸಾರಾಯಿ ಇನ್ನು ಗುತ್ತಿಗೆದಾರರ ಮೂಲಕವೇ ಬರತಕ್ಕದ್ದು ಎಂದಾಯಿತು. ಮುಚ್ಚಳವನ್ನೂ ಕೊಳವೆಯನ್ನೂ ಅಬ್ಕಾರಿಯವರು ಒಯ್ದರು. ಹಂಡೆ ಭಾರವೆಂದು ಬಿಟ್ಟುಹೋದರು. ಅದು ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುವ ಹಂಡೆಯಾಯಿತು. ದೊಡ್ಡರಂಗಪ್ಪ ಎರಡೇ ವರ್ಷಕ್ಕೆ ತೀರಿಕೊಂಡ. ಅವನ ಮಗ, ರಂಗಕ್ಕನ ಅಪ್ಪ, ಗಾಡಿ ಬಾಡಿಗೆ ಹೊಡೆದು ಸಂಸಾರ ಸಾಗಿಸಿದ, ಭಟ್ಟಿಯ ಮಾತು ಮನೆಯಲ್ಲಿ ಯಾರೂ ಎತ್ತದಂತೆ ನೋಡಿಕೊಂಡ.

ರಂಗಕ್ಕನ ತಮ್ಮ ಓಬಳಯ್ಯ ಆಗಿನ್ನೂ ತೊಟ್ಟಿಲ ಕೂಸು. ಭಟ್ಟಿಯನ್ನು ಅವನು ಕಣ್ಣಾರೆ ಕಂಡವನಲ್ಲ. ಅದಕ್ಕೇ ಇರಬೇಕು, ಅದರ ಹಂಬಲ ಮನೆಯಲ್ಲಿ ಅವನಿಗೇ ಹೆಚ್ಚು. ಅಪ್ಪನೂ ಹೋದ ಮೇಲೆ, ತಾವರೆಕೆರೆಗೆ ಕೊಟ್ಟಿದ್ದ ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮೇಲೆ, ಓಬಳಯ್ಯ ಅಮಲ್ದಾರರ ಕಚೇರಿಗೆ ಅರ್ಜಿ ಹಿಡಿದು ಹೋದ. ತಾತನ ಕಾಲದ ಭಟ್ಟಿ ಮತ್ತೆ ಹೂಡಲು ಅಪ್ಪಣೆಯಾಗಬೇಕೆಂದು ಬೇಡಿದ. ಅರ್ಜಿಯನ್ನು ಪೂರ್ತಿ ಓದುವ ಮೊದಲೇ ಹಿಂದಕ್ಕೆ ಕೊಟ್ಟರು. ಅವನು ಮನೆಗೆ ಬಂದು ಎರಡು ದಿನ ಹಿತ್ತಲ ಹಂಡೆಯ ಹತ್ತಿರವೇ ಕೂತಿದ್ದ.

ಮೂರನೆಯ ದಿನ ರಂಗಕ್ಕ ಅವನ ತಟ್ಟೆಗೆ ಮುದ್ದೆ ಹಾಕುತ್ತ ಕೇಳಿದಳು, "ಹಂಡೇಲಿ ಸಾರಾಯೇ ಬೇಯಿಸ್ಬೇಕು ಅಂತ ಯಾರೇಳಿದ್ರು ನಿಂಗೆ?"

"ಇನ್ನೇನು ಬೇಯಿಸ್ತಾರೆ ಅಕ್ಕಯ್ಯ?"

"ಭಟ್ಟಿ ಬಿಡುವಿದ್ದ ದಿನ ಅಜ್ಜಿ ಅದ್ರಾಗೇ ಓಮ ಹಾಕಿ ನೀರಿಳಿಸ್ತಿದ್ಲು. ಬಾಣಂತೇರಿಗೆ, ಹೊಟ್ಟೆನೋವಿಗೆ. ಸುತ್ತ ಹತ್ತೂರಿನೋರು ಬಂದು ಇಸ್ಕೊಂಡೋಗ್ತಿದ್ರು. ಅದಕ್ಯಾವ ಸರ್ಕಾರ ಬ್ಯಾಡ ಅಂತೈತೆ?"

ಓಬಳಯ್ಯನಿಗೆ ಈ ಮಾತು ಹಿಡಿಸಲಿಲ್ಲ. ಸಾರಾಯಿ ಇಳಿಸುವ ಕುಲದವನು ಓಮದ ನೀರು ಇಳಿಸುವುದೇ ಎಂಬ ಮುಜುಗರ. ಆದರೆ ಪೇಟೆ ಬೀದಿಯ ವೈದ್ಯರು, ಪಂಡಿತ ರೇಣುಕಯ್ಯನವರು, ಕೇಳಿದ ಕೂಡಲೇ ಒಪ್ಪಿದರು. ಯುರೋಪಿನಲ್ಲಿ ಯುದ್ಧ ನಡೆಯುತ್ತಿದ್ದ ವರ್ಷಗಳವು. ಹೊರಗಿನ ಔಷಧಿ ಬರುವುದು ನಿಂತಿತ್ತು. ಅವರೇ ಒಕ್ಕಣೆ ಹೇಳಿ ಹೊಸ ಅರ್ಜಿ ಬರೆಸಿದರು. ಎಂಟು ತಿಂಗಳ ಮೇಲೆ ಅಪ್ಪಣೆ ಬಂತು. ಭಟ್ಟಿಯ ಮನೆಯಲ್ಲಿ ಬೆಲ್ಲ, ತೊಗಟೆ ಇರಕೂಡದು, ಅಧಿಕಾರಿಗಳು ಯಾವಾಗ ಬಂದರೂ ಬಾಗಿಲು ತೆರೆಯಬೇಕು ಎಂಬ ಷರತ್ತು.

ಹೊಸ ಮುಚ್ಚಳ, ಕೊಳವೆ ಮಾಡಿಸಲು ಹಂಡೆಯನ್ನು ಗಾಡಿಗೆ ಹೇರಿಕೊಂಡು ಅಕ್ಕ ತಮ್ಮ ಶಿರಾಕ್ಕೆ ಹೋದರು. ಅಲ್ಲಿ ಮಸೀದಿ ಹಿಂದಿನ ಬೀದಿಯಲ್ಲಿ ಕಲಾಯಿ ಹಾಕುವ ಮುದುಕ ಸಾಬರೊಬ್ಬರಿದ್ದರು. ಬೆರಳ ಗೆಣ್ಣಿನಿಂದ ಹಂಡೆಯನ್ನು ಬಡಿದು, ಕಿವಿಗೊಟ್ಟು, "ಮಾಲು ಅಸಲಿ ಕಣಮ್ಮ. ಮುಚ್ಚಳ ಹೆಂಗಿತ್ತು?" ಎಂದರು. ರಂಗಕ್ಕ ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಗೀಚಿದಳು. ಕೊಳವೆ ಎಷ್ಟು ಇಳಿಜಾರಿರಬೇಕು ಎಂದಾಗ ಅವಳಿಗೆ ಅಳತೆ ಹೇಳಲು ಬರಲಿಲ್ಲ. ಎದ್ದು ನಿಂತು ಬಲಗೈಯನ್ನು ಭುಜದಿಂದ ಓರೆಯಾಗಿ ಚಾಚಿದಳು. ಸಾಬರು ಆ ಕೈಗೆ ದಾರ ಹಿಡಿದು ಗುರುತು ಮಾಡಿಕೊಂಡರು. ಅಕ್ಕನ ಮುಖವನ್ನು ಓಬಳಯ್ಯ ಆವತ್ತು ಹೊಸದಾಗಿ ನೋಡಿದವನಂತೆ ನೋಡುತ್ತ ನಿಂತಿದ್ದ.

ಮೊದಲ ಸಲ ಮುಚ್ಚಳದ ಸಂದಿಗೆ ಜೇಡಿಮಣ್ಣು ಮೆತ್ತಿದರು. ಬಿಸಿಗೆ ಅದು ಬಿರಿದು ಹಬೆಯೆಲ್ಲ ಸೂರಿಗೆ ಹೋಯಿತು. ಎರಡನೆಯ ಸಲವೂ ಹಾಗೇ ಆಯಿತು. ಹಬ್ಬವಿಲ್ಲದ ದಿನಗಳಲ್ಲೂ ಅಜ್ಜಿ ಯಾಕೆ ಉದ್ದು ರುಬ್ಬುತ್ತಿದ್ದಳು ಎನ್ನುವುದು ಆಗ ರಂಗಕ್ಕನಿಗೆ ಹೊಳೆಯಿತು. ಉದ್ದಿನ ಹಿಟ್ಟು ಮೆತ್ತಿ ಬಟ್ಟೆ ಸುತ್ತಿದರು, ಅದು ನಿಂತಿತು. ಕೊಳವೆಯ ಬಾಯಿಂದ ಮೊದಲ ಹನಿ ಬಿದ್ದಾಗ ಓಮದ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ಘಾಟಿಗೇ ಎಂದು ಇಬ್ಬರೂ ಹೇಳಿಕೊಂಡರು.

ವ್ಯಾಪಾರ ನಿಧಾನವಾಗಿ ಕುದುರಿತು. ಕೊರಟಗೆರೆ ಸಂತೆಯಲ್ಲೂ ರಂಗಕ್ಕನ ಓಮದ ನೀರು ಕೇಳುವವರಾದರು. ಆದರೆ ಓಬಳಯ್ಯನ ಮನಸ್ಸು ಪೂರಾ ತಣಿದಿರಲಿಲ್ಲ. ಒಂದು ಬೆಳಗ್ಗೆ ಹಿತ್ತಲಿಗೆ ಹೋದ ರಂಗಕ್ಕ ಹುಲ್ಲಿನ ಮೆದೆಯ ಹತ್ತಿರ ಹುಳಿ ವಾಸನೆ ಹಿಡಿದು ನಿಂತುಬಿಟ್ಟಳು. ಹುಲ್ಲು ಸರಿಸಿದಾಗ ಒಂದು ಗುಡಾಣ. ಒಳಗೆ ಬೆಲ್ಲ, ತೊಗಟೆ ಹುಳಿತು ನೊರೆಯೆದ್ದಿತ್ತು.

"ಯಾರಿಗೆ ಮಾರೋಕ್ಲಾ ಇದು?" ತಮ್ಮನನ್ನು ಕೂಗಿ ಕರೆದು ಕೇಳಿದಳು.

"ಮಾರೋಕಲ್ಲ ಅಕ್ಕಯ್ಯ." ಅವನು ತಲೆ ಎತ್ತಲಿಲ್ಲ. "ತಾತ ಇಳಿಸ್ತಿದ್ದುದು ಹೆಂಗಿತ್ತು ಅಂತ ನೀನು ಬಲ್ಲೆ, ಅಪ್ಪಂಗೂ ಗೊತ್ತಿತ್ತು. ನಂಗೊಬ್ಬನಿಗೇ ಗೊತ್ತಿಲ್ಲ. ಒಂದು ಕಿತ ನೋಡ್ಬೇಕಿತ್ತು."

ಬೈಯಬೇಕೆಂದಿದ್ದ ರಂಗಕ್ಕ ಸೆರಗು ಸಿಕ್ಕಿಸಿಕೊಂಡಳು. "ಅಬ್ಕಾರಿಯೋರು ಬಂದ್ರೆ ಈ ಸಲ ಹಂಡೇನೂ ಬುಡಲ್ಲ ಕಣ್ಲಾ," ಎಂದಷ್ಟೇ ಹೇಳಿದಳು. ಗುಡಾಣದ ಒಂದು ಕಡೆ ಅವಳೇ ಹಿಡಿದಳು, ಇನ್ನೊಂದು ಕಡೆ ಅವನು. ಇಬ್ಬರೂ ಸೇರಿ ತಿಪ್ಪೆಗೆ ಸುರಿದರು. ಓಬಳಯ್ಯ ಮತ್ತೆಂದೂ ಆ ಕೆಲಸಕ್ಕೆ ಕೈಹಾಕಲಿಲ್ಲ.

ಹದಿನೆಂಟನೇ ಇಸವಿಯಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂತು. ಮನೆಗೊಬ್ಬರು ಇಬ್ಬರು ಮಲಗಿದರು, ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಓಮದ ನೀರು ಆ ಜ್ವರ ಬಿಡಿಸುತ್ತಿರಲಿಲ್ಲ, ರೇಣುಕಯ್ಯನವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಆದರೂ ವಾಂತಿ, ಸಂಕಟಕ್ಕೆ ಅಷ್ಟು ಸಮಾಧಾನ ಸಿಗುತ್ತದೆಂದು ಜನ ಬರುತ್ತಲೇ ಇದ್ದರು. ಒಲೆ ಆರದಂತೆ ದುಡಿಯುತ್ತಿದ್ದ ರಂಗಕ್ಕನೂ ಮಲಗಿದಳು. ಹದಿಮೂರು ದಿನ ಅವಳ ಆಸೆಯನ್ನೇ ಬಿಟ್ಟಿದ್ದರು. ಹೇಗೋ ಎದ್ದಳು, ಗೋಡೆ ಹಿಡಿದು ನಡೆದು ಭಟ್ಟಿಯ ಮುಂದೆ ಕೂತಳು.

ಅವಳು ಎದ್ದ ಮೇಲೆ ಇಳಿಸಿ ಕಳಿಸಿದ್ದ ಸೀಸೆಗಳನ್ನು ರೇಣುಕಯ್ಯನವರು ತಾವೇ ಹಿಂದಕ್ಕೆ ಹೊತ್ತು ತಂದರು. "ಸೀದ ವಾಸನೆ ಬರ್ತಿದೆ ರಂಗಕ್ಕ. ಹೀಗೆಂದೂ ಆಗಿರಲಿಲ್ಲ," ಎಂದರು. ಓಬಳಯ್ಯ ಒಂದು ಬಿರಡೆ ತೆಗೆದು ಮೂಸಿ ಅಕ್ಕನ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

ಪಂಡಿತರು ಹೋದ ಮೇಲೆ ಹೇಳಿದಳು, "ಜ್ವರ ಬಿಟ್ಟಾಗಿಂದ ನಂಗೇನೂ ವಾಸ್ನೆ ಗೊತ್ತಾಗ್ತಿಲ್ಲ ಕಣ್ಲಾ. ಸಗಣಿ ಇಲ್ಲ, ಹೂವಿಲ್ಲ, ಓಮ ಇಲ್ಲ. ಬತ್ತೈತೆ ಬತ್ತೈತೆ ಅಂತ ಕಾಯ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಭಟ್ಟಿ ಮುಚ್ಚಿಬುಡ್ತೀಯ ಅಂತ."

ಓಬಳಯ್ಯ ಭಟ್ಟಿ ಮುಚ್ಚಲಿಲ್ಲ. ಮಾರನೆಯ ಬೆಳಗ್ಗೆ ಒಲೆ ಹೊತ್ತಿಸಿ ಕೊಳವೆಯ ಬಾಯಿಗೆ ತಾನೇ ಕೂತ. ಅವನ ಮೂಗು ಮಂದ. ಎಷ್ಟು ಮೂಸಿದರೂ ಒಂದು ಹನಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಬೇಸತ್ತು ಎದ್ದಾಗ ರಂಗಕ್ಕ ಅವನ ರಟ್ಟೆ ಹಿಡಿದು ಕೂರಿಸಿದಳು. "ಮೂಗು ಬುಡು. ನೀರಿನ ಮ್ಯಾಲೆ ನೋಡು, ಎಣ್ಣೆ ಪೊರೆ ತೇಲ್ತೈತಾ? ಅಂಗೈಗೆ ಹಾಕ್ಕೊ, ಉಜ್ಜು. ಜಾರ್ತೈತಾ? ಪೊರೆ ಬರೋದು ನಿಂತ ಗಳಿಗೆ ಬೆಂಕಿ ಎಳಿ." ತನಗೇ ಗೊತ್ತಿಲ್ಲದಂತೆ ಇಷ್ಟು ವರ್ಷ ಕಣ್ಣು, ಕೈಯಲ್ಲೂ ನೋಡಿಕೊಂಡು ಬಂದಿದ್ದಳು. ಈಗ ಒಂದೊಂದನ್ನೂ ಮಾತಿಗೆ ತರಬೇಕಾಯಿತು. ಒಂದು ತಿಂಗಳು ಇಳಿಸಿದ್ದನ್ನು ಮಾರದೆ ಚೆಲ್ಲಿದರು. ಆಮೇಲೆ ಓಬಳಯ್ಯ ಕಳಿಸಿದ ಸೀಸೆಗಳನ್ನು ರೇಣುಕಯ್ಯನವರು ಹಿಂದಕ್ಕೆ ತರಲಿಲ್ಲ.

ಘ್ರಾಣ ಅವಳಿಗೆ ಮರಳಲೇ ಇಲ್ಲ. ಊಟ ರುಚಿಸದೆ ಬಡವಾದಳು, ಕೆಲವು ದಿನ ಸುಮ್ಮನೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ನಂತರ ಓಮ ಕೊಳ್ಳುವ ಕೆಲಸ ತಾನು ವಹಿಸಿಕೊಂಡಳು. ಸುಗ್ಗಿಯಾದ ಮೇಲೆ ಗಾಡಿ ಕಟ್ಟಿಸಿ ಪಾವಗಡದ ಕಡೆ ಹೋಗಿ, ಕಾಳನ್ನು ಹಲ್ಲಲ್ಲಿ ಕಡಿದು, ಬೆರಳಲ್ಲಿ ತಿಕ್ಕಿ ಆರಿಸುವಳು. ಅಲ್ಲಿಯವರು ಓಮವನ್ನು ವಾಮು ಎನ್ನುತ್ತಾರೆ. ಹೋಗಿ ಬಂದು ತೆಲುಗು ಕಲಿತಳು, ಚೌಕಾಸಿಯನ್ನೂ ಅದೇ ಭಾಷೆಯಲ್ಲಿ ಮಾಡುತ್ತಿದ್ದಳು. ನಲವತ್ತೊಂದನೇ ಇಸವಿಯ ಹೊತ್ತಿಗೆ ಮಂಡಿ ಹಿಡಿದುಕೊಂಡು ಪ್ರಯಾಣ ಆಗದಾಯಿತು. ಆ ವರ್ಷ ಪಾವಗಡದ ರೈತರೇ ಮೂಟೆ ಹೇರಿಕೊಂಡು ಮಧುಗಿರಿಗೆ ಬಂದರು. ಓಬಳಯ್ಯ ಕಾಳು ನೋಡಲು ಹೋದರೆ ಅವರು ಮೂಟೆ ಬಿಚ್ಚಲಿಲ್ಲ. ಅಕ್ಕ ಎದ್ದು ಬರಲಿ ಎಂದು ಜಗಲಿಯ ಮೇಲೆ ಕೂತರು.